ಸೆವೆಂತ್ ಜೆನ್ ಸಾಕೋ, ಏಯ್ತ್ ಜೆನ್ನೇ ಬೇಕೋ

ಬೆಂಗಳೂರಿನ ಎಸ್‌.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಂಗಡಿಗಳ ಮುಂದೆ ನಡೆದುಹೋದರೆ ಎಲ್ಲ ಚೀಟಿಗಳಲ್ಲೂ ಒಂದೇ ಮಂತ್ರ ಕಾಣುತ್ತದೆ: ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಐ5 ಎಂದರೆ ಇಂಟೆಲ್ ಕಂಪನಿಯ ಒಂದು ಪ್ರೊಸೆಸರ್ ಸಾಲು. ಅದರಲ್ಲಿ ಯಾವ ಜೆನ್, ಅಂದರೆ ಯಾವ ಪೀಳಿಗೆಯದು ಎಂದು ಕೇಳುವವರು ಕಡಿಮೆ. ಕೇಳಿದವರಿಗೂ "ಸೆವೆಂತ್ ಜೆನ್ ಸರ್, ಏಯ್ತ್ ಜೆನ್ ಬೇಕಂದ್ರೆ ಸ್ವಲ್ಪ ಜಾಸ್ತಿ ಆಗುತ್ತೆ" ಎಂಬಷ್ಟೇ ಉತ್ತರ. ಆ 'ಸ್ವಲ್ಪ ಜಾಸ್ತಿ' ಯಾತಕ್ಕೆ ಕೊಡಬೇಕು, ಕೊಡದಿದ್ದರೆ ಏನು ಕಳೆದುಕೊಳ್ಳುತ್ತೇವೆ ಎಂಬುದನ್ನು ಸರಿಯಾಗಿ ಬಿಡಿಸಿ ನೋಡುವುದು ಒಳ್ಳೆಯದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆಯ ಕಂಪನಿಗಳು ಬದಲಾಯಿಸಿ ಹೊರಹಾಕಿದ ಲ್ಯಾಪ್‌ಟಾಪ್‌ಗಳಲ್ಲಿ ಈ ಎರಡು ಪೀಳಿಗೆಯವು ಇನ್ನೂ ಧಾರಾಳವಾಗಿ ಸಿಗುತ್ತಿವೆ.

ಹೋಲಿಕೆಗೆ ಎರಡು ನಿರ್ದಿಷ್ಟ ಚಿಪ್‌ಗಳನ್ನು ಹಿಡಿದುಕೊಳ್ಳೋಣ: ಇಂಟೆಲ್ ಕೋರ್ ಐ5-7300ಯು ಮತ್ತು ಐ5-8350ಯು. ಮೊದಲನೆಯದು 2017ರ ಆರಂಭದಲ್ಲಿ ಬಂದದ್ದು, ಎರಡನೆಯದು ಅದೇ ವರ್ಷದ ಆಗಸ್ಟ್‌ನಲ್ಲಿ. ಲೆನೊವೊದ ಥಿಂಕ್‌ಪ್ಯಾಡ್ ಟಿ470, ಡೆಲ್‌ನ ಲ್ಯಾಟಿಟ್ಯೂಡ್ 7480, ಎಚ್‌ಪಿಯ ಎಲೈಟ್‌ಬುಕ್ 840 ಜಿ4 ಇವುಗಳಲ್ಲಿ ಮೊದಲನೆಯದು. ಟಿ480, 7490, 840 ಜಿ5ಗಳಲ್ಲಿ ಎರಡನೆಯದು. ಗೆರೆಯ ನಂತರದ ಮೊದಲ ಅಂಕಿಯೇ ಜನರೇಶನ್, ಕೊನೆಯ 'ಯು' ಎಂದರೆ 15 ವಾಟ್‌ನ, ತೆಳು ಲ್ಯಾಪ್‌ಟಾಪ್‌ಗೆ ಮಾಡಿದ ಚಿಪ್. 7200ಯು, 8250ಯು ಎಂಬ ತಮ್ಮಂದಿರೂ ಇದ್ದಾರೆ. ವೇಗ ತುಸು ಕಡಿಮೆ, ಆದರೆ ಇಲ್ಲಿ ಹೇಳುವುದೆಲ್ಲ ಅವಕ್ಕೂ ಅನ್ವಯಿಸುತ್ತದೆ.

ಕಾಗದದ ಮೇಲೆ ನೋಡಿ. ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕ. 7300ಯುಗೆ 2 ಕೋರ್, 4 ಥ್ರೆಡ್, 3 ಎಂಬಿ ಕ್ಯಾಶ್, ಮೂಲ ವೇಗ 2.6 ಗಿಗಾಹರ್ಟ್ಸ್, ಟರ್ಬೊ (ಏರಬಹುದಾದ ಗರಿಷ್ಠ ವೇಗ) 3.5. 8350ಯುಗೆ 4 ಕೋರ್, 8 ಥ್ರೆಡ್, 6 ಎಂಬಿ ಕ್ಯಾಶ್, ಮೂಲ ವೇಗ 1.7, ಟರ್ಬೊ 3.6. ಎರಡೂ 14 ನ್ಯಾನೊಮೀಟರ್, ಎರಡೂ 15 ವಾಟ್. ಗ್ರಾಫಿಕ್ಸ್ ಒಂದರಲ್ಲಿ ಎಚ್‌ಡಿ 620, ಇನ್ನೊಂದರಲ್ಲಿ ಯುಎಚ್‌ಡಿ 620. ಹೆಸರಿಗೊಂದು 'ಯು' ಸೇರಿದೆ, ಒಳಗಿನ ಸರಕು ಹೆಚ್ಚು ಕಡಿಮೆ ಅದೇ. ಕೋರ್‌ನ ವಿನ್ಯಾಸವೂ ಅದೇ. ಅಂದರೆ ಎಂಟನೇ ಜನರೇಶನ್ ಎಂದು ಮಾರಿದ್ದು ಏಳನೆಯದರ ಕೋರ್‌ಗಳನ್ನೇ, ಎರಡರ ಬದಲು ನಾಲ್ಕು ಜೋಡಿಸಿ.

ಮೂಲ ವೇಗ 1.7 ಎಂದು ನೋಡಿ "ಇದು ನಿಧಾನ ಅಲ್ವಾ" ಎಂದುಕೊಳ್ಳುವವರಿದ್ದಾರೆ. ಮೂಲ ವೇಗ ಎಂದರೆ ಎಲ್ಲ ಕೋರ್‌ಗಳೂ ಪೂರ್ತಿ ದುಡಿಯುವಾಗ 15 ವಾಟ್‌ನೊಳಗೆ ಕಂಪನಿ ಖಾತರಿ ಕೊಡುವ ಕನಿಷ್ಠ. ಒಂದೇ ಕೆಲಸ ಇದ್ದಾಗ ಎರಡೂ ಚಿಪ್ ಮೂರೂವರೆ ಗಿಗಾಹರ್ಟ್ಸ್ ಆಸುಪಾಸಿಗೆ ಏರುತ್ತವೆ. ಹಾಗಾಗಿ ಒಂದು ವರ್ಡ್ ಫೈಲ್ ತೆರೆಯಲು, ಒಂದು ವೆಬ್‌ಪುಟ ಬರಲು, ಎಕ್ಸೆಲ್‌ನಲ್ಲಿ ಮನೆ ಖರ್ಚಿನ ಪಟ್ಟಿ ಕೂಡಲು ಹಿಡಿಯುವ ಹೊತ್ತಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ದರ್ಶಿನಿಯಲ್ಲಿ ಒಬ್ಬನೇ ಗಿರಾಕಿ ಇದ್ದರೆ ಕೌಂಟರ್ ಎರಡಿದ್ದರೇನು, ನಾಲ್ಕಿದ್ದರೇನು, ದೋಸೆ ಬರುವ ಹೊತ್ತು ಒಂದೇ. ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ಬ್ರೌಸರ್ ತೆರೆದು ತೋರಿಸಿ "ನೋಡಿ ಸರ್, ಎರಡೂ ಸೇಮ್" ಎಂದರೆ ಆತ ಸುಳ್ಳು ಹೇಳುತ್ತಿಲ್ಲ. ಆ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಅದಲ್ಲ, ಅಷ್ಟೆ.

ಗೊತ್ತಾಗುವುದು ಮನೆಗೆ ತಂದ ಮೇಲೆ. ಇವತ್ತಿನ ವಿಂಡೋಸ್ ಸುಮ್ಮನೆ ಕೂರುವ ಜಾಯಮಾನದ್ದಲ್ಲ. ಅಪ್‌ಡೇಟ್ ಇಳಿಸಿ ಬಿಚ್ಚುತ್ತಿರುತ್ತದೆ, ಡಿಫೆಂಡರ್ ಫೈಲುಗಳನ್ನು ತಡಕುತ್ತಿರುತ್ತದೆ, ಒನ್‌ಡ್ರೈವ್ ಸಿಂಕ್ ಮಾಡುತ್ತಿರುತ್ತದೆ, ಸರ್ಚ್ ಇಂಡೆಕ್ಸ್ ಕಟ್ಟುತ್ತಿರುತ್ತದೆ. ಇದರ ಮೇಲೆ ಮಗುವಿನ ಆನ್‌ಲೈನ್ ತರಗತಿಯ ವೀಡಿಯೊ ಕರೆ, ಹಿನ್ನೆಲೆ ಮಸುಕು ಮಾಡುವ ಆಯ್ಕೆ ಬೇರೆ, ಪಕ್ಕದಲ್ಲಿ ಹತ್ತು ಹದಿನೈದು ಟ್ಯಾಬ್. ಎರಡು ಕೋರ್‌ನಲ್ಲಿ ಒಂದನ್ನು ಡಿಫೆಂಡರ್ ಹಿಡಿದುಕೊಂಡರೆ ಉಳಿದದ್ದು ಒಂದು. ನಾಲ್ಕು ಥ್ರೆಡ್ ಇದೆಯಲ್ಲ ಎನ್ನಬಹುದು. ಆದರೆ ಥ್ರೆಡ್ ಎಂದರೆ ಇನ್ನೊಂದು ಕೋರ್ ಅಲ್ಲ. ಒಂದೇ ಕೋರ್ ಖಾಲಿ ಬಿದ್ದ ಕ್ಷಣಗಳಲ್ಲಿ ಮತ್ತೊಂದು ಕೆಲಸಕ್ಕೆ ಕೈಹಾಕುವ ಏರ್ಪಾಡು. ಅದರಿಂದ ಸಿಗುವ ಲಾಭ ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು, ದುಪ್ಪಟ್ಟಲ್ಲ. ಕರೆಯಲ್ಲಿ ದನಿ ಕತ್ತರಿಸಿ ಬರುವುದು, ಮೌಸ್ ಒಂದು ಕ್ಷಣ ಹಿಡಿದಂತಾಗುವುದು, ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುವುದು, ಇವೆಲ್ಲ ಎರಡು ಕೋರ್‌ನ ಕಷ್ಟಗಳು. 8350ಯುನಲ್ಲಿ ಅದೇ ಅಪ್‌ಡೇಟ್ ಅದರ ಪಾಡಿಗೆ ನಡೆಯುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ. ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್ ಮಾಡಿದ ಪುಟಗಳನ್ನು ಟೆಸರಾಕ್ಟ್‌ನಂಥ ಓಸಿಆರ್‌ಗೆ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಸಾಲಾಗಿ ಹಾಕಿದರೂ ನಾಲ್ಕು ಕೋರ್‌ಗಳ ಲಾಭ ನೇರವಾಗಿ ಸಿಗುತ್ತದೆ, ಪುಟಗಳನ್ನು ಹಂಚಿಕೊಂಡು ಓದಬಹುದಲ್ಲ.

ಹಾಗೆಂದು ನಾಲ್ಕು ಕೋರ್ ಎಂದರೆ ಎರಡರಷ್ಟು ಕೆಲಸ ಎಂದೂ ಅಲ್ಲ. ಬಿಡುಗಡೆಯ ಹೊತ್ತಿನಲ್ಲಿ ಇಂಟೆಲ್ ತಾನೇ ಹೇಳಿಕೊಂಡದ್ದು ಹೆಚ್ಚೆಂದರೆ ಶೇ 40ರಷ್ಟು ಏರಿಕೆ. ಕಾರಣ ಆ 15 ವಾಟ್. ಎರಡು ಕೋರ್ ಆ ಮಿತಿಯೊಳಗೆ ತಮ್ಮ ಗರಿಷ್ಠ ವೇಗದ ಹತ್ತಿರವೇ ಓಡಬಲ್ಲವು. ನಾಲ್ಕು ಕೋರ್ ಒಟ್ಟಿಗೆ ಓಡಿದರೆ ಮೊದಲ ಅರ್ಧ ನಿಮಿಷ ಮಿತಿ ಮೀರಿ ವಿದ್ಯುತ್ ತಿಂದು, ಆಮೇಲೆ ಲ್ಯಾಪ್‌ಟಾಪ್‌ನ ತಂಪಿನ ಶಕ್ತಿಗೆ ತಕ್ಕಂತೆ ಎರಡೂವರೆ ಗಿಗಾಹರ್ಟ್ಸ್ ಅಕ್ಕಪಕ್ಕಕ್ಕೆ ಇಳಿಯುತ್ತವೆ. ಇದು ದೋಷವಲ್ಲ, ವಿನ್ಯಾಸವೇ ಹಾಗೆ. ದಿನಬಳಕೆಯ ಕೆಲಸಗಳು ಸಾಮಾನ್ಯವಾಗಿ ಆ ಅರ್ಧ ನಿಮಿಷದೊಳಗೇ ಮುಗಿಯುತ್ತವೆ.

ದೋಷ ಯಾವಾಗ? ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆರೆದಿಟ್ಟು ಹತ್ತು ನಿಮಿಷ ಭಾರದ ಕೆಲಸ ಕೊಡಿ. 8350ಯು 1.7ಕ್ಕಿಂತ, 7300ಯು 2.6ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ತಂಪು ಮಾಡುವ ವ್ಯವಸ್ಥೆ ಕೆಟ್ಟಿದೆ: ಒಣಗಿದ ಥರ್ಮಲ್ ಪೇಸ್ಟ್ (ಚಿಪ್‌ನ ಶಾಖ ಹೊರಸಾಗಿಸುವ ಲೇಪ), ದೂಳು ಕಟ್ಟಿದ ಫ್ಯಾನ್, ಇಲ್ಲವೇ ಎರಡೂ. ನಮ್ಮ ಊರಿನ ಹವೆ ಲ್ಯಾಪ್‌ಟಾಪ್‌ಗೆ ಅನುಕೂಲವೇ, ಆದರೆ ಬೀದಿಗೊಂದು ಕಟ್ಟಡ ಏಳುತ್ತಿರುವ ಊರಿನ ದೂಳು ಅನುಕೂಲವಲ್ಲ. ಮಾರ್ಚ್, ಏಪ್ರಿಲ್ ಬಂತೆಂದರೆ ಅದರ ಲೆಕ್ಕ ಫ್ಯಾನಿನ ಸದ್ದಿನಲ್ಲಿ ಕೇಳಿಸುತ್ತದೆ.

ಏನೂ ಕೆಲಸ ಕೊಡದಿದ್ದರೂ ವೇಗ 0.8 ಗಿಗಾಹರ್ಟ್ಸ್ ಸುತ್ತಲೇ ಸಿಕ್ಕಿಕೊಂಡು, ಭಾರ ಕೊಟ್ಟರೂ ಏರದಿದ್ದರೆ ಅದು ಬೇರೆಯೇ ಕಥೆ. ಡೆಲ್ ಯಂತ್ರಗಳಲ್ಲಿ ಚಾರ್ಜರ್ ಪಿನ್‌ನ ನಡುವಿನ ಸೂಜಿಯಂಥ ತಂತಿ ಚಾರ್ಜರ್ ಎಷ್ಟು ವಾಟ್‌ನದೆಂದು ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಡೂಪ್ಲಿಕೇಟ್ ಚಾರ್ಜರ್ ಆಗಿದ್ದರೆ, ಅಥವಾ ಆ ಸೂಜಿ ಮುರಿದಿದ್ದರೆ, ಲ್ಯಾಪ್‌ಟಾಪ್ ಚಾರ್ಜರನ್ನು ಗುರುತಿಸದೆ ಪ್ರೊಸೆಸರ್‌ನ ವೇಗ ಕಟ್ಟಿಹಾಕುತ್ತದೆ, ಬ್ಯಾಟರಿ ಚಾರ್ಜ್ ಆಗುವುದನ್ನೂ ನಿಲ್ಲಿಸಬಹುದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ವೇಗ ಸರಿಹೋದರೆ ಪ್ರೊಸೆಸರ್ ಅಲ್ಲ, ಚಾರ್ಜರ್ ಬದಲಾಯಿಸಬೇಕು. ಇದು ತಿಳಿಯದೆ "ಚಿಪ್ ಹಳೇದಾಯ್ತು" ಎಂದು ಮಾರಿಬಿಟ್ಟ ಒಳ್ಳೆಯ ಯಂತ್ರಗಳಿಗೆ ಲೆಕ್ಕವಿಲ್ಲ.

ವೀಡಿಯೊ ವಿಷಯದಲ್ಲಿ ಇಬ್ಬರೂ ಸಮ. ವೀಡಿಯೊವನ್ನು ಕುಗ್ಗಿಸಿ ಕಳಿಸುವ ವಿಧಾನಗಳಿಗೆ ಕೋಡೆಕ್ ಎನ್ನುತ್ತಾರೆ. ಅವುಗಳಲ್ಲಿ ವಿಪಿ9 ಮತ್ತು 10 ಬಿಟ್‌ನ ಎಚ್‌ಇವಿಸಿ ಎರಡನ್ನೂ ಈ ಗ್ರಾಫಿಕ್ಸ್ ಭಾಗ ಪ್ರೊಸೆಸರ್‌ಗೆ ತೊಂದರೆ ಕೊಡದೆ ಬಿಡಿಸಬಲ್ಲದು. ಎವಿ1 ಮಾತ್ರ ಇಬ್ಬರಿಗೂ ಬಾರದು; ಇಂಟೆಲ್‌ನಲ್ಲಿ ಆ ಸೌಲಭ್ಯ ಬಂದದ್ದು 11ನೇ ಜನರೇಶನ್‌ನಿಂದ. ಯೂಟ್ಯೂಬ್ ಈಗ ಅನೇಕ ವೀಡಿಯೊಗಳನ್ನು ಎವಿ1ರಲ್ಲೇ ಕಳಿಸುತ್ತದೆ, ಆಗ ಬಿಡಿಸುವ ಕೆಲಸ ಕೋರ್‌ಗಳ ಮೇಲೆ ಬೀಳುತ್ತದೆ. ನಾಲ್ಕು ಕೋರ್ ಅದನ್ನು ತಾಳಿಕೊಳ್ಳುತ್ತವೆ; ಎರಡು ಕೋರ್‌ನಲ್ಲಿ ಫ್ಯಾನ್ ಕೂಗುತ್ತದೆ, ದೊಡ್ಡ ರೆಸಲ್ಯೂಶನ್‌ನಲ್ಲಿ ಚಿತ್ರ ಎಡವುತ್ತದೆ. ವೀಡಿಯೊ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿದರೆ ಕೋಡೆಕ್ ಹೆಸರು ಕಾಣುತ್ತದೆ. ಎವಿ01 ಎಂದಿದ್ದರೆ ಫೈರ್‌ಫಾಕ್ಸ್‌ನ ಕಾನ್ಫಿಗ್ ಪುಟದಲ್ಲಿ (about:config) ಎವಿ1 ಎಂದು ಹುಡುಕಿ ಅದನ್ನು ಆಫ್ ಮಾಡಿ, ಕ್ರೋಮ್‌ನಲ್ಲಾದರೆ ಎವಿ1 ತಡೆಯುವ ಎಕ್ಸ್‌ಟೆನ್ಶನ್ ಹಾಕಿ. ಯೂಟ್ಯೂಬ್ ತಾನಾಗಿಯೇ ವಿಪಿ9ಗೆ ಬರುತ್ತದೆ, ಫ್ಯಾನ್ ತಣ್ಣಗಾಗುತ್ತದೆ. 7300ಯು ಇಟ್ಟುಕೊಂಡವರು ಮೊದಲು ಮಾಡಬೇಕಾದ ಕೆಲಸ ಇದು.

ಇನ್ನು ನಿಜವಾದ ಗೆರೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರಿಗೆ ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ವಿಸ್ತರಣೆಯ ದಾರಿಯನ್ನು ಮೈಕ್ರೋಸಾಫ್ಟ್ ಕೊಟ್ಟಿತು. ವಿಂಡೋಸ್ 11 ಒಪ್ಪುವುದು ಎಂಟನೇ ಜನರೇಶನ್‌ನಿಂದ ಮೇಲಿನದನ್ನು. ಏಳನೆಯದರಲ್ಲಿ ಬೆರಳೆಣಿಕೆಯ ಚಿಪ್‌ಗಳಿಗೆ ವಿನಾಯಿತಿ ಇದೆ, 7300ಯು ಆ ಪಟ್ಟಿಯಲ್ಲಿ ಇಲ್ಲ. ಟಿ470, 7480ಯಂಥ ಯಂತ್ರಗಳಲ್ಲಿ ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯಗಳಾದ ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಇದೆ. ಆದರೂ ಅದು ಪ್ರೊಸೆಸರ್ ಹೆಸರು ನೋಡಿ ಬಾಗಿಲು ಹಾಕುತ್ತದೆ. ಒಂದೇ ವರ್ಷ ಹುಟ್ಟಿದ, ಒಂದೇ ಕೋರ್‌ನ ಎರಡು ಚಿಪ್‌ಗಳ ನಡುವೆ ಹೀಗೆ ಬಿದ್ದ ಗೆರೆ ನ್ಯಾಯವಾಗಿದೆ ಎಂದು ಯಾರೂ ಒಪ್ಪಿಸಲಾರರು. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ಭದ್ರತಾ ದೋಷ ಇಬ್ಬರಲ್ಲೂ ಇದೆ, ಇಬ್ಬರಿಗೂ ಪರಿಹಾರ ಸಾಫ್ಟ್‌ವೇರ್ ಅಪ್‌ಡೇಟೇ. ಹಾಗಾಗಿ 8350ಯು ಹೆಚ್ಚು ಸುರಕ್ಷಿತ ಅನ್ನುವುದಕ್ಕೆ ಕಾರಣ ಚಿಪ್‌ನೊಳಗಿಲ್ಲ, ಅದಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆ ಎಂಬುದರಲ್ಲಿದೆ.

ಅಂಗಡಿಯವರು "ಸೆವೆಂತ್ ಜೆನ್‌ಗೂ ವಿಂಡೋಸ್ 11 ಹಾಕಿಕೊಡ್ತೀವಿ" ಎನ್ನುತ್ತಾರೆ. ಹಾಕಬಹುದು, ರೂಫಸ್ ಎಂಬ ತಂತ್ರಾಂಶದಲ್ಲಿ ತಪಾಸಣೆ ತೆಗೆದುಹಾಕಿದ ಪೆನ್‌ಡ್ರೈವ್ ಮಾಡಿದರೆ ಸಾಕು, ಚೆನ್ನಾಗಿಯೇ ಓಡುತ್ತದೆ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ತಿಂಗಳ ಭದ್ರತಾ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತವೆ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು. ಮನೆಯಲ್ಲಿ ಈ ಕೆಲಸ ಬಲ್ಲವರಿದ್ದರೆ ಸರಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುವ ಲ್ಯಾಪ್‌ಟಾಪ್ ಆದರೆ ಬೇಡ.

ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಈ ಗೆರೆಯೇ ಇಲ್ಲ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ. 7300ಯು, 8 ಜಿಬಿ ರ‍್ಯಾಮ್‌ನಲ್ಲಿ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ಓಡುತ್ತದೆ. ಹಿನ್ನೆಲೆಯ ಗದ್ದಲ ಕಡಿಮೆ ಇರುವುದರಿಂದ ಎರಡು ಕೋರ್‌ನ ಕೊರತೆಯೂ ಅಷ್ಟಾಗಿ ಕಾಡುವುದಿಲ್ಲ. ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆ ಎಂ17ಎನ್ ಎಂಬ ಭಾಷಾ ಕೀಲಿಮಣೆಗಳ ಕಂತೆ ಹಾಕಿಕೊಂಡರೆ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. ತೊಡಕಿರುವುದು ಹಳೆಯ ಫೈಲುಗಳಲ್ಲಿ. ನುಡಿ, ಬರಹಗಳ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ ಪತ್ರ, ಆಮಂತ್ರಣ, ಪುಸ್ತಕದ ಕರಡುಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಯೂನಿಕೋಡ್‌ಗೆ ಪರಿವರ್ತಿಸಿದರೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಬೇಕಾಗುತ್ತದೆ. ಡಿಟಿಪಿ ಅಂಗಡಿ ಇಟ್ಟವರು, ಕಚೇರಿಯ ನುಡಿ ಫೈಲುಗಳ ಜೊತೆ ದಿನವೂ ಏಗುವವರು, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್ ಬಿಡುವ ಹಾಗಿಲ್ಲ. ಅವರಿಗೆ ಎಂಟನೇ ಜನರೇಶನ್ನೇ ಆಗಬೇಕು, ವೇಗಕ್ಕಾಗಿ ಅಲ್ಲದಿದ್ದರೂ ಇದಕ್ಕಾಗಿ.

ಕೊಳ್ಳಲು ಹೋದಾಗ ಮಾದರಿಯ ಹೆಸರನ್ನು ನಂಬಬೇಡಿ. ಲ್ಯಾಟಿಟ್ಯೂಡ್ 7490ರಲ್ಲಿ 8350ಯು ಬಂದಂತೆಯೇ 7300ಯು ಹಾಕಿದವೂ ಬಂದಿವೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಭೇದವಿಲ್ಲ. ಅಂಗೈ ಇಡುವಲ್ಲಿ ಅಂಟಿಸಿದ ಸ್ಟಿಕರ್ ಯಾರು ಬೇಕಾದರೂ ಬದಲಿಸಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಚಿಪ್‌ನ ಪೂರ್ತಿ ಹೆಸರು, ಕೋರ್ 4, ಲಾಜಿಕಲ್ ಪ್ರೊಸೆಸರ್ 8 ಎಂದು ಕಂಡರೆ ಮಾತ್ರ ಹಣ ಕೊಡಿ.

ಅದಕ್ಕಿಂತ ಮುಖ್ಯ ಬೀಗಗಳು. ಇವೆಲ್ಲ ಕಂಪನಿಗಳಲ್ಲಿದ್ದ ಯಂತ್ರಗಳು. ಬಯಾಸ್‌ಗೆ (ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟ) ಹೋಗಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟುಬನ್ನಿ. ಭದ್ರತೆಯ ಪುಟದಲ್ಲಿ ಕಂಪ್ಯೂಟ್ರೇಸ್ ಅಥವಾ ಆಬ್ಸಲ್ಯೂಟ್ ಎಂಬ ಕಳವು ಪತ್ತೆಯ ಸೌಲಭ್ಯ 'ಆಕ್ಟಿವೇಟೆಡ್' ಎಂದಿದ್ದರೂ ಬೇಡ. ಇನ್ನೊಂದು ಬೀಗ ಕಣ್ಣಿಗೆ ಕಾಣದ್ದು: ಆಟೊಪೈಲಟ್. ಯಂತ್ರದ ಗುರುತು ಹಳೆಯ ಕಂಪನಿಯ ಹೆಸರಿನಲ್ಲೇ ಮೈಕ್ರೋಸಾಫ್ಟ್‌ನಲ್ಲಿ ಉಳಿದಿದ್ದರೆ, ಮುಂದೆಂದೋ ವಿಂಡೋಸ್ ರೀಸೆಟ್ ಮಾಡಿದ ದಿನ ಆ ಕಂಪನಿಯ ಲಾಗಿನ್ ಪುಟ ಎದುರಿಗೆ ಬಂದು ನಿಲ್ಲುತ್ತದೆ. ಇಂಟರ್‌ನೆಟ್ ಇಲ್ಲದೆ ವಿಂಡೋಸ್ ಹಾಕಿದ್ದರೆ ಇದು ಅಂಗಡಿಯಲ್ಲಿ ಗೊತ್ತಾಗುವುದೇ ಇಲ್ಲ. ಆದ್ದರಿಂದ ಅಲ್ಲೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ಲಾಗಿನ್ ಪುಟದವರೆಗೆ ಹೋಗಿ ನೋಡಿ. ಅರ್ಧ ಗಂಟೆ ಹಿಡಿಯುತ್ತದೆ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಕಾಯಿರಿ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದರಲ್ಲಿ ಪ್ರೊಸೆಸರ್‌ಗಿಂತ ಬ್ಯಾಟರಿಯ ಸವಕಳಿಯದೇ ದೊಡ್ಡ ಪಾತ್ರ. ಸುಮ್ಮನಿರುವಾಗ ಇಬ್ಬರೂ ತಿನ್ನುವುದು ಹೆಚ್ಚು ಕಡಿಮೆ ಒಂದೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ' ಬರೆದು ಒಂದು ಸ್ಪೇಸ್ ಬಿಟ್ಟು '/ಬ್ಯಾಟರಿರಿಪೋರ್ಟ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಒಂದು ಫೈಲ್ ಬರುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿಗೆ ಹೋಲಿಸಿದರೆ ಫುಲ್ ಚಾರ್ಜ್ ಕೆಪಾಸಿಟಿ ಶೇ 70ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಗೆ ಕೂಡಿಸಿಯೇ ಚೌಕಾಸಿ ಮಾಡಿ. ಟಚ್‌ಪ್ಯಾಡ್ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿದೆ ಎಂದರ್ಥ, ಅಂಥದ್ದನ್ನು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಟಿ470, ಟಿ480 ಎರಡರಲ್ಲೂ ಒಳಗೊಂದು, ಹಿಂದೆ ಕೈಯಲ್ಲೇ ತೆಗೆಯಬಹುದಾದದ್ದೊಂದು ಬ್ಯಾಟರಿ. ಬೆಸ್ಕಾಂನವರು ಕರೆಂಟ್ ತೆಗೆದ ಮಧ್ಯಾಹ್ನಗಳಲ್ಲಿ ಹಿಂದಿನದಕ್ಕೆ 72 ವಾಟ್‌ಅವರ್‌ನ ದಪ್ಪ ಬ್ಯಾಟರಿ ಹಾಕಿಕೊಂಡವರು ನಿಶ್ಚಿಂತರು.

ರ‍್ಯಾಮ್ 8 ಜಿಬಿ ಕನಿಷ್ಠ, 16 ಆರಾಮ. 16 ಜಿಬಿ ಇರುವ 7300ಯು, 4 ಜಿಬಿ ಇರುವ 8350ಯುಗಿಂತ ಎಷ್ಟೋ ವಾಸಿ. ಇಬ್ಬರಿಗೂ ಡಿಡಿಆರ್4, ಏಳನೆಯದು 2133ರಲ್ಲಿ, ಎಂಟನೆಯದು 2400ರಲ್ಲಿ ಓಡುತ್ತದೆ, ಹೆಚ್ಚು ವೇಗದ ಕಡ್ಡಿ ಹಾಕಿದರೂ ತಾನಾಗಿ ಇಳಿದುಕೊಳ್ಳುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ 'ಈಗ 8 ತಗೊಂಡು ಆಮೇಲೆ ಹಾಕಿಸಿದರಾಯ್ತು' ಎಂಬ ಹಳೆಯ ಲೆಕ್ಕ ಈಗ ಗಿಟ್ಟುವುದಿಲ್ಲ. ಒಳಗೇ 16 ಇರುವುದನ್ನು ಹುಡುಕಿ. ಎಸ್‌ಎಸ್‌ಡಿ ಸಾಟಾ ಆದರೂ ಎನ್‌ವಿಎಂಇ ಆದರೂ ದಿನಬಳಕೆಯಲ್ಲಿ ಹೆಚ್ಚು ಭೇದ ತಿಳಿಯದು, ಹಾರ್ಡ್ ಡಿಸ್ಕ್ ಮಾತ್ರ ಆಗಬಾರದು.

ಥರ್ಮಲ್ ಪೇಸ್ಟ್ ಬದಲಿಸುವುದು ಎರಡಕ್ಕೂ ಒಳ್ಳೆಯದೇ, ಲಾಭ ಹೆಚ್ಚು 8350ಯುಗೆ, ಅದು ಶಾಖದ ಮಿತಿಗೇ ಮೊದಲು ತಲೆ ತಾಗಿಸಿಕೊಳ್ಳುವುದರಿಂದ. ಥಿಂಕ್‌ಪ್ಯಾಡ್‌ನಲ್ಲಾದರೆ ಮೊದಲು ಬಯಾಸ್‌ನ ಪವರ್ ಪುಟದಲ್ಲಿ ಒಳ ಬ್ಯಾಟರಿಯನ್ನು ಡಿಸೇಬಲ್ ಮಾಡಿ, ಹಿಂದಿನದನ್ನು ಕೈಯಲ್ಲಿ ತೆಗೆದು, ಆಮೇಲೆ ತಳದ ಸ್ಕ್ರೂಗಳಿಗೆ ಕೈಹಾಕಿ. ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕ ಅಂಕಿ ಇರುತ್ತದೆ. ಬಿಗಿಯುವಾಗ ಆ ಕ್ರಮದಲ್ಲೇ, ಒಂದೊಂದನ್ನೂ ಸ್ವಲ್ಪ ಸ್ವಲ್ಪವಾಗಿ. ಇಲ್ಲಿ ಚಿಪ್‌ಗೆ ಮೇಲ್ಮುಚ್ಚಳ ಇಲ್ಲ, ಬರಿಯ ಸಿಲಿಕಾನ್. ಒಂದು ಮೂಲೆಗೆ ಭಾರ ಬಿದ್ದರೆ ಸೀಳುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಚಾಕು, ಸ್ಕ್ರೂಡ್ರೈವರ್ ಬೇಡ, ಸುತ್ತಲಿನ ಸಾಸಿವೆ ಗಾತ್ರದ ಬಿಡಿಭಾಗಗಳು ಕಿತ್ತುಬರುತ್ತವೆ. ಹೊಸದು ಅಕ್ಕಿಕಾಳಿನಷ್ಟಿದ್ದರೆ ಸಾಕು.

ಮನೆಯಲ್ಲಿ ಈಗಾಗಲೇ 7300ಯು ಇದ್ದವರು ಬದಲಿಸಲು ಓಡಬೇಕಿಲ್ಲ: ಎವಿ1 ತಡೆದು, ರ‍್ಯಾಮ್ ನೋಡಿಕೊಂಡು, ಮಿಂಟ್‌ಗೆ ಹೊಂದಿಕೊಳ್ಳುವುದಾದರೆ ಇನ್ನೂ ಕೆಲವು ವರ್ಷ ಬಾಳುತ್ತದೆ. ಹೊಸದಾಗಿ ಹಣ ಹಾಕುವವರು, ಎರಡರ ಬೆಲೆಯ ಅಂತರ ಒಂದು 8 ಜಿಬಿ ರ‍್ಯಾಮ್ ಕಡ್ಡಿಯ ಬೆಲೆಗಿಂತ ಕಡಿಮೆ ಇದ್ದರೆ ಯೋಚಿಸದೆ ಎಂಟನೆಯದನ್ನು ತೆಗೆದುಕೊಳ್ಳಿ. ತೆಗೆದುಕೊಂಡದ್ದು ಟಿ480 ಆಗಿದ್ದರೆ ಒಂದು ಕೆಲಸ ಬಾಕಿ ಇದೆ. ಅದಕ್ಕೆ ಚಾರ್ಜಿಂಗ್ ಟೈಪ್-ಸಿ ಪೋರ್ಟ್‌ನಿಂದ ಮಾತ್ರ, ಅದನ್ನು ನಡೆಸುವ ಥಂಡರ್‌ಬೋಲ್ಟ್ ಕಂಟ್ರೋಲರ್‌ನ ಹಳೆಯ ಫರ್ಮ್‌ವೇರ್‌ನಲ್ಲಿ (ಚಿಪ್‌ನೊಳಗಿನ ತಂತ್ರಾಂಶ) ಒಂದು ದೋಷ ಇತ್ತು. ಕಾಲಕ್ರಮದಲ್ಲಿ ಪೋರ್ಟ್ ಸತ್ತು ಚಾರ್ಜೇ ಆಗದ ಹಾಗೆ ಮಾಡುತ್ತಿತ್ತು. ಲೆನೊವೊ ತಿದ್ದಿದ ಫರ್ಮ್‌ವೇರ್ ತನ್ನ ಸಪೋರ್ಟ್ ತಾಣದಲ್ಲಿ ಇಟ್ಟಿದೆ. ಮೊದಲು ಬಯಾಸ್, ಆಮೇಲೆ ಥಂಡರ್‌ಬೋಲ್ಟ್ ಡ್ರೈವರ್, ಕೊನೆಗೆ ಈ ಫರ್ಮ್‌ವೇರ್, ಈ ಕ್ರಮದಲ್ಲಿ ಹಾಕಿ. ನಡುವೆ ಚಾರ್ಜರ್ ಕೀಳಬೇಡಿ. ಪೋರ್ಟ್ ಸತ್ತ ಮೇಲಾದರೆ ಬೋರ್ಡಿನ ಮೇಲಿನ ಪುಟ್ಟ ಚಿಪ್ಪನ್ನೇ ಪ್ರೋಗ್ರಾಮರ್ ಹಿಡಿದು ಮತ್ತೆ ಬರೆಯಬೇಕಾಗುತ್ತದೆ. ಅದಕ್ಕೆ ಬೋರ್ಡ್ ಮಟ್ಟದ ರಿಪೇರಿ ಬಲ್ಲವರನ್ನೇ ಹುಡುಕಿಕೊಂಡು ಹೋಗಬೇಕು.